ದೊಡ್ಡವಳ ಅಪ್ಪ

ಭಾನುವಾರ ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಲಾಲ್‌ಬಾಗಿನ ಬಂಡೆ ಹತ್ತಿ ನೋಡಿ. ಕೆಂಪೇಗೌಡರ ಗೋಪುರದ ಆಸುಪಾಸಿನಲ್ಲಿ, ಮನೆಗೆ ಹೋಗಲು ಅಪ್ಪಣೆ ಸಿಗದ ಗಂಡಸೊಬ್ಬ ಕೂತಿರುತ್ತಾನೆ. ವಯಸ್ಸು ಮೂವತ್ತಮೂರೋ ಮೂವತ್ತನಾಲ್ಕೋ. ಗಡ್ಡ ಬಿಟ್ಟಿದ್ದಾನೋ, ಬೋಳಿಸಲು ಪುರುಸೊತ್ತಾಗಿಲ್ಲವೋ ಹೇಳುವುದು ಕಷ್ಟ. ಹೆಗಲಲ್ಲಿ ಆನೆಯ ಚಿತ್ರವಿರುವ ಚೀಲ. ಕೈಯಲ್ಲಿ ಅಂಗೈಯಷ್ಟು ಉದ್ದದ ಒಂದು ಚಪ್ಪಲಿ. ಅದರ ಜೋಡಿಯನ್ನು ಹುಡುಕಿ ಆಗಿದೆ, ಸಿಕ್ಕಿಲ್ಲ. ಹತ್ತು ಅಡಿ ದೂರದಲ್ಲಿ ಎರಡೂವರೆ ವರ್ಷದ ಮಗುವೊಂದು ಬಂಡೆಯ ಗುಳಿಯಲ್ಲಿ ನಿಂತ ನೀರನ್ನು ಬರಿಗಾಲಲ್ಲಿ ತುಳಿಯುತ್ತಿರುತ್ತದೆ. ಐದು ನಿಮಿಷಕ್ಕೊಮ್ಮೆ ಅವನು ಫೋನು ತೆಗೆದು ನೋಡುತ್ತಾನೆ. ಹೆಂಡತಿಯ ಸಂದೇಶ ಬದಲಾಗಿರುವುದಿಲ್ಲ: ‘ಪಾಪು ಈಗ ಮಲಗ್ತು. ಬರ್ಬೇಡಿ.’

ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಅಲ್ಲಿ ಫಲಕವೂ ಇದೆ. ಬಂದವರೆಲ್ಲ ಓದಿ ಬೆರಗಾಗುತ್ತಾರೆ. ಇವನೊಬ್ಬ ಬೆರಗಾಗುವುದಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದ ಮಗುವನ್ನು ಹತ್ತು ಗಂಟೆಯವರೆಗೆ ಮನೆಯಿಂದ ಹೊರಗಿಟ್ಟುಕೊಂಡವನಿಗೆ 300 ಕೋಟಿ ವರ್ಷ ಅಂಥ ದೊಡ್ಡ ಅಂಕಿಯಾಗಿ ಕಾಣುವುದಿಲ್ಲ.

ಇವನೇ ದೊಡ್ಡವಳ ಅಪ್ಪ. ದೊಡ್ಡವನ ಅಪ್ಪನೂ ಆಗಿರಬಹುದು, ಕುಲ ಒಂದೇ. ಎರಡನೆಯ ಕೂಸು ಮನೆಗೆ ಬಂದ ದಿನವೇ ಇವನ ಜನನ. ಚಿಕ್ಕದು ಅಮ್ಮನ ಪಾಲು, ಅಜ್ಜಿಯ ಪಾಲು, ಎಣ್ಣೆ ನೀರು ಸಾಂಬ್ರಾಣಿ ಹೊಗೆಯ ಪಾಲು. ದೊಡ್ಡದು ಅಪ್ಪನ ಪಾಲು. ಹೀಗೆಂದು ಯಾರೂ ಕೂತು ಪಾಲುಪಟ್ಟಿ ಬರೆದದ್ದಿಲ್ಲ. ಆಸ್ಪತ್ರೆಯಿಂದ ಬಂದ ಸಂಜೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಗೆ ಉಳಿದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಿತು.

ನಮ್ಮ ಮಹಡಿ ಮನೆಯಲ್ಲಿ ಇಂಥವನೊಬ್ಬ ನಾಲ್ಕು ವರ್ಷದಿಂದ ಬಾಡಿಗೆಗೆ ಇದ್ದಾನೆ. ಬಾಡಿಗೆ ಕರಾರಿನಲ್ಲಿ ಅವನಿಗೊಂದು ಹೆಸರಿದೆ. ಆ ಹೆಸರು ಹಿಡಿದು ಕರೆದವರನ್ನು ಈ ಎರಡು ತಿಂಗಳಲ್ಲಿ ನಾನು ಕಂಡಿಲ್ಲ. ಬಾಣಂತನ ಮಾಡಲು ತಿಪಟೂರಿನಿಂದ ಒಂದು ಮೂಟೆ ಕೊಬ್ಬರಿ ಸಮೇತ ಬಂದಿರುವ ಅವನ ಅತ್ತೆ, ‘ಅಳಿಯಂದ್ರೇ, ದೊಡ್ಡವಳು ಬಚ್ಚಲಲ್ಲಿದಾಳೆ’ ಎಂದು ಕೂಗುತ್ತಾರೆ. ಹೆಂಡತಿ ಕೋಣೆಯೊಳಗಿಂದ ‘ರೀ, ದೊಡ್ಡವಳು’ ಅನ್ನುತ್ತಾಳೆ, ಅಷ್ಟೇ, ಕ್ರಿಯಾಪದ ಇರುವುದಿಲ್ಲ. ಹಾಲಿನವನು, ‘ಅವರೇ ಸಾರ್, ದೊಡ್ಡ ಪಾಪು ಅಪ್ಪ’ ಎಂದು ಗುರುತು ಹೇಳುತ್ತಾನೆ. ಮೊನ್ನೆ ಕೊರಿಯರ್ ಹುಡುಗ ಗೇಟಿನಲ್ಲಿ ಅವನ ನಿಜವಾದ ಹೆಸರು ಕೂಗಿದಾಗ ಅವನೇ ನನ್ನ ಕಡೆ ತಿರುಗಿ, ‘ಅಂಕಲ್, ನಿಮಗೇನೋ ಬಂದಿದೆ’ ಅಂದ.

ನಾನು ಕೇಂದ್ರ ಸರ್ಕಾರದ ಲೆಕ್ಕಪತ್ರ ಕಚೇರಿಯಲ್ಲಿ 36 ವರ್ಷ ಸವೆದವನು. ಅವನೂ ಕೇಂದ್ರ ಸರ್ಕಾರದ ನೌಕರನೇ. ಹಾಗಾಗಿ ರಜೆಯ ನಿಯಮ ಕೇಳಲು ನನ್ನ ಹತ್ತಿರ ಬಂದ. ನನಗೆ ಈಗಲೂ ಬಾಯಿಪಾಠ: ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇರುವ ಪುರುಷ ನೌಕರನಿಗೆ 15 ದಿನ ಪಿತೃತ್ವ ರಜೆ, ಹೆರಿಗೆಗೆ 15 ದಿನ ಮೊದಲಿನಿಂದ ಹೆರಿಗೆಯಾಗಿ ಆರು ತಿಂಗಳೊಳಗೆ ತೆಗೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅವನ ಹೆಂಡತಿ ಖಾಸಗಿ ಕಂಪನಿಯವಳು. 2017ರ ತಿದ್ದುಪಡಿಯಾದ ಮೇಲೆ ಅವಳಿಗೆ 26 ವಾರ, ಅಂದರೆ 182 ದಿನ. ಹಳೆಯ ಚಾಳಿ, ಭಾಗಿಸಿ ನೋಡಿದೆ. ಅಪ್ಪ ಎಂದರೆ ಅಮ್ಮನ ಹನ್ನೆರಡನೆಯ ಒಂದು ಪಾಲು. ನನ್ನ ಹೆಂಡತಿಗೆ ಈ ಲೆಕ್ಕ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದವಳು ತಲೆಯೆತ್ತದೆ, ‘ಸರ್ಕಾರದವರು ಧಾರಾಳಿಗಳು’ ಅಂದಳು.

ಅವಳ ಮಾತಿಗೆ ಹಿನ್ನೆಲೆ ಇದೆ. ಈ ರಜೆ ಜಾರಿಗೆ ಬಂದದ್ದೇ 1997ರಲ್ಲಿ. ನಮ್ಮ ಎರಡನೆಯ ಮಗ ಹುಟ್ಟಿದ್ದು 1987ರ ಮಾರ್ಚ್ 28ಕ್ಕೆ. ಲೆಕ್ಕಪತ್ರ ಕಚೇರಿಯಲ್ಲಿ ಮಾರ್ಚ್ 28 ಅಂದರೆ ಏನೆಂದು ಬಲ್ಲವರೇ ಬಲ್ಲರು. ನಾನು ಏಪ್ರಿಲ್ ಒಂದಕ್ಕೆ ಹೋಗಿ ಮಗನ ಮುಖ ನೋಡಿದೆ. ಆ ನಾಲ್ಕು ದಿನದ ಬಾಕಿ ನಮ್ಮ ಮನೆಯ ಖಾತೆಯಲ್ಲಿ ಇನ್ನೂ ಚುಕ್ತಾ ಆಗಿಲ್ಲ.

ಇವನು ಹಾಗಲ್ಲ. ಮೊದಲನೆಯದಕ್ಕೇ ಎಲ್ಲ ಕಲಿತಿದ್ದ. ತೇಗು ಬರಿಸುವುದು, ಕುಲಾವಿ ಕಟ್ಟುವುದು, ಎಳೆಗೂಸಿನ ಕತ್ತು ಹಿಡಿಯುವುದು, ಎಲ್ಲ. ಎರಡನೆಯದಕ್ಕೆ ಆ ವಿದ್ಯೆಯನ್ನೆಲ್ಲ ತೋರಿಸಿ ಅತ್ತೆಯ ಹತ್ತಿರ ಭೇಷ್ ಅನ್ನಿಸಿಕೊಳ್ಳಬೇಕು ಎಂದು 15 ದಿನ ರಜೆ ಹಾಕಿ ಕೂತ. ಕೋಣೆಯ ಹೊಸ್ತಿಲಲ್ಲೇ ಅತ್ತೆ ತಡೆದರು: ‘ದೊಡ್ಡವಳಿಗೆ ಮೂಗು ಸೋರ್ತಾ ಇದೆ. ಅವಳನ್ನ ಎತ್ಕೊಂಡ ಕೈಯಲ್ಲಿ ಪಾಪೂನ ಮುಟ್ಬೇಡಿ ಅಳಿಯಂದ್ರೇ.’ ದೊಡ್ಡವಳನ್ನು ಎತ್ತಿಕೊಳ್ಳದ ಗಳಿಗೆ ಅವನಿಗೆ ಇರಲಿಲ್ಲ. ರಜೆ ಮುಗಿಯುವಷ್ಟರಲ್ಲಿ ಮಗನ ಮುಖವನ್ನು ಒಟ್ಟು ಒಂದು ಗಂಟೆ ನೋಡಿದ್ದನೋ ಇಲ್ಲವೋ. ನನ್ನ ನಾಲ್ಕು ದಿನ ಆಗ ನನಗೆ ಸ್ವಲ್ಪ ಹಗುರಾಗಿ ಕಂಡಿತು.

ದೊಡ್ಡವಳು ಕೆಟ್ಟವಳಲ್ಲ. ಅವಳಿಗೆ ಅಭಿಪ್ರಾಯಗಳು ಜಾಸ್ತಿ. ಅಜ್ಜಿ ಕಪಾಟಿನಲ್ಲಿ ಬೆಳ್ಳಿಯ ಒಳಲೆ ತಂದಿಟ್ಟಿದ್ದರು. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಒಂದು ತೊಟ್ಟು ನೀರೂ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಒಳಲೆಗೆ ಕೆಲಸ ಇರಲಿಲ್ಲ. ದೊಡ್ಡವಳು ಅದನ್ನು ವಶಪಡಿಸಿಕೊಂಡಳು. ಅವಳ ಹಾಲು ಒಳಲೆಯಲ್ಲಿ, ರಾಗಿ ಗಂಜಿ ಒಳಲೆಯಲ್ಲಿ, ಕಡೆಗೆ ಸಾರು ಕೂಡ ಒಳಲೆಯಲ್ಲಿ, ಅದೂ ಅಪ್ಪನ ತೊಡೆಯ ಮೇಲೆ ಅಂಗಾತ ಮಲಗಿ. ಹದಿಮೂರು ಕೆಜಿ ತೂಗುವ ಹುಡುಗಿಗೆ ಮಲಗಿಸಿಕೊಂಡು ಒಳಲೆಯಲ್ಲಿ ಹುಣಸೆಹುಳಿ ಸಾರು ಕುಡಿಸುವ ಗಂಡಸನ್ನು ನಾನು ಕಿಟಕಿಯಿಂದ ಕಂಡಿದ್ದೇನೆ. ಅವನೂ ನನ್ನನ್ನು ಕಂಡ. ಇಬ್ಬರೂ ಆ ವಿಷಯ ಎತ್ತಿಲ್ಲ.

ಅವನ ಬುದ್ಧಿಯೆಲ್ಲ ಖರ್ಚಾದದ್ದು ನೆಂಟರ ವಿಷಯದಲ್ಲಿ. ಮಗು ನೋಡಲು ಬರುವವರು ಬೆಳ್ಳಿ ಬಟ್ಟಲೋ, ಬೆಚ್ಚನೆಯ ಟೋಪಿಯೋ, ಐನೂರರ ನೋಟೋ ತಂದು ತೊಟ್ಟಿಲಲ್ಲಿಡುತ್ತಾರೆ. ದೊಡ್ಡದರ ಕೆನ್ನೆ ಹಿಂಡಿ, ‘ಇನ್ಮೇಲೆ ನಿನ್ನ ಯಾರೂ ಮುದ್ದು ಮಾಡಲ್ಲ ಅಲ್ವಾ?’ ಎಂದು ಕೇಳುತ್ತಾರೆ. ಇದೇನು ಕೇಳುವ ಪ್ರಶ್ನೆಯೇ? ಆದರೂ ಕೇಳದೆ ಹೋದವರನ್ನು ನಾನು ನೋಡಿಲ್ಲ. ನಾನೂ ಒಮ್ಮೆ ಕೇಳಿದ್ದೇನೆ. ಮೊದಲ ವಾರವೇ ದೊಡ್ಡವಳು ಆ ಪ್ರಶ್ನೆಗೆ ಉತ್ತರವಾಗಿ ಬೆಳ್ಳಿ ಬಟ್ಟಲನ್ನು ಬಾಲ್ಕನಿಯಿಂದ ಕೆಳಕ್ಕೆ ಬಿಟ್ಟಳು. ಅದು ನಮ್ಮ ತುಳಸಿ ಕಟ್ಟೆಗೆ ಬಡಿದು ನಗ್ಗಿತು.

ಮಾರನೆಯ ಶನಿವಾರ ಅವಳನ್ನು ನನ್ನ ಹೆಂಡತಿಗೆ ಒಪ್ಪಿಸಿ, ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದ. ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರ್. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ತಿರುಗುವಾಗಲೇ ಹೊಳಪು ಕೊಟ್ಟ ಬುಗುರಿ, ಗಿಲಕಿ, ರೈಲು, ತಲೆ ಅಲ್ಲಾಡಿಸುವ ಬಾತುಕೋಳಿ, ಎಲ್ಲ ಸೇರಿ ಎರಡು ಡಜನ್ ತಂದು ನಮ್ಮ ಮೆಟ್ಟಿಲ ಕೆಳಗೆ ಗೋಣಿಚೀಲದಲ್ಲಿ ಬಚ್ಚಿಟ್ಟ. ಅಂದಿನಿಂದ ನೆಂಟರ ಆಟೋ ಗೇಟಿನ ಮುಂದೆ ನಿಂತ ಕೂಡಲೇ ದಡದಡ ಇಳಿದು ಬರುತ್ತಿದ್ದ. ಒಂದು ಬುಗುರಿಯನ್ನು ಅವರ ಕೈಗೆ ತುರುಕಿ, ‘ಇದನ್ನ ನೀವೇ ತಂದಿದ್ದು ಅಂತ ದೊಡ್ಡವಳಿಗೆ ಕೊಟ್ಬಿಡಿ ಆಂಟಿ, ಪ್ಲೀಸ್’ ಎಂದು ಪಿಸುಗುಡುತ್ತಿದ್ದ.

ಏರ್ಪಾಟು ಚೆನ್ನಾಗಿಯೇ ನಡೆಯಿತು. ಒಬ್ಬ ದೊಡ್ಡಮ್ಮ ಮಾತ್ರ, ಬೆಂಗಳೂರಿನಲ್ಲಿ ಬರುವಾಗಲೇ ತಾಂಬೂಲ ಕೊಡುತ್ತಾರೆ ಎಂದು ತಿಳಿದು, ರೈಲನ್ನು ಚೀಲಕ್ಕೆ ಇಳಿಸಿ ಮೊಮ್ಮಗನಿಗೆ ಒಯ್ದರು. ಇನ್ನೊಬ್ಬರು ಬಾತುಕೋಳಿಯನ್ನು ಪಾಪುವಿನ ತೊಟ್ಟಿಲಿಗೇ ಹಾಕಿ, ಇಡೀ ಯೋಜನೆಯನ್ನು ತಲೆಕೆಳಗು ಮಾಡಿದರು. ಹತ್ತನೆಯ ನೆಂಟರ ಹೊತ್ತಿಗೆ ದೊಡ್ಡವಳಿಗೆ ಲೋಕದ ನಿಯಮ ಅರ್ಥವಾಗಿತ್ತು: ಗೇಟು ತೆರೆದವರು ಗೊಂಬೆ ಕೊಡಬೇಕು. ಗ್ಯಾಸ್ ಸಿಲಿಂಡರ್ ಹೊತ್ತು ತಂದ ಹುಡುಗನ ಮುಂದೆ ಕೈಯೊಡ್ಡಿ ನಿಂತಳು. ಅವನು ಹೆಗಲ ಮೇಲೆ ಸಿಲಿಂಡರ್ ಇಟ್ಟುಕೊಂಡೇ ಅತ್ತಿತ್ತ ನೋಡಿದ. ಮೆಟ್ಟಿಲ ಕೆಳಗಿನಿಂದ ಒಂದು ಗಿಲಕಿ ತೆಗೆದು ಅವನ ಕೈಗೆ ಕೊಟ್ಟವನು ನಾನೇ. ಅಷ್ಟರಲ್ಲಿ ನಾನೂ ಆ ಕಳ್ಳಸಾಗಣೆಯಲ್ಲಿ ಪಾಲುದಾರನಾಗಿದ್ದೆ.

ಇನ್ನು ಇರುವೆಯ ಪ್ರಕರಣ. ಒಂದು ಬೆಳಿಗ್ಗೆ ಮಹಡಿಯಿಂದ ‘ಅಳಿಯಂದ್ರೇ’ ಎಂಬ ಕೂಗು ಬೀದಿಯ ಕೊನೆಯವರೆಗೆ ಕೇಳಿಸಿತು. ತೊಟ್ಟಿಲ ಹಗ್ಗದ ಮೇಲೆ ಇರುವೆಗಳ ಸಾಲು. ಪಾಪುವನ್ನು ಎತ್ತಿ, ಬಟ್ಟೆಯನ್ನೆಲ್ಲ ಕೊಡವಿ ನೋಡಿದರೆ, ಹಾಸಿನ ಕೆಳಗೆ ಅರ್ಧ ಕೋಡುಬಳೆ, ಎರಡು ಒಣದ್ರಾಕ್ಷಿ, ಒಂದು ಚೂರು ಬೆಲ್ಲ. ದೊಡ್ಡವಳ ಕೃತ್ಯ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ದೊಡ್ಡವಳ ಕೃತ್ಯ ಎಂದಮೇಲೆ ಅಪರಾಧಿ ಅಪ್ಪ. ‘ನೀವು ನೋಡ್ಕೊಳ್ಳೋದು ಇದೇನಾ?’ ಎಂದು ಹೆಂಡತಿ, ‘ಹೊಟ್ಟೆಕಿಚ್ಚು ಇರುತ್ತೆ, ನಾವು ಹುಷಾರಾಗಿರಬೇಕು’ ಎಂದು ಅತ್ತೆ. ಶೇವಿಂಗ್ ನೊರೆ ಅರ್ಧ ಮುಖಕ್ಕೆ ಮೆತ್ತಿಕೊಂಡೇ ಬಂದ ಅವನು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ‘ಯಾಕಮ್ಮ ಇಟ್ಟೆ? ಪಾಪುಗೆ ಹಲ್ಲಿಲ್ಲ ಅಲ್ವಾ?’ ಅಂದ.

‘ಗೊತ್ತು. ಹಲ್ಲು ಬಂದ್ಮೇಲೆ ತಿನ್ಲಿ ಅಂತ ಇಟ್ಟಿದೀನಿ.’

ಮಹಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅತ್ತೆ ಆ ಕೋಡುಬಳೆಯನ್ನು ಕಸಕ್ಕೆ ಹಾಕಲಿಲ್ಲವಂತೆ. ಇರುವೆ ಕೊಡವಿ ಬಾಲ್ಕನಿ ಕಟ್ಟೆಯ ಮೇಲೆ ಕಾಗೆಗೆ ಇಟ್ಟರಂತೆ. ಆ ಮಧ್ಯಾಹ್ನ ಅಳಿಯನ ಊಟಕ್ಕೆ ಹಪ್ಪಳ ಕರಿದರು ಎಂಬ ಸುದ್ದಿಯೂ ಬಂತು.

ಒಂದೂವರೆ ತಿಂಗಳ ಚುಚ್ಚುಮದ್ದಿಗೆ ಎಲ್ಲರೂ ಹೋದರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಕ್ಕೆ ಒಂದೇ ಸೂಜಿ, ಜೊತೆಗೆ ಬಾಯಿಗೆ ಹನಿ. ನರ್ಸಮ್ಮ ತಾಯಿ ಕಾರ್ಡು ಬಿಚ್ಚಿ, ‘ಮಗು ತೂಕ ಎಷ್ಟು?’ ಎಂದು ಕೇಳಿದರಂತೆ. ಇವನು ತಟ್ಟನೆ ‘ಹದಿಮೂರು ಕೆಜಿ’ ಎಂದನಂತೆ. ನರ್ಸಮ್ಮ ಕಾರ್ಡನ್ನು ತಾಯಿಯ ಕಡೆ ತಿರುಗಿಸಿದರು. ಅತ್ತ ಪಾಪು ಒಂದು ನಿಮಿಷ ಅತ್ತು ಸುಮ್ಮನಾಯಿತು. ತನಗೆ ಚುಚ್ಚಲಿಲ್ಲ ಎಂದು ದೊಡ್ಡವಳು ಮುಕ್ಕಾಲು ಗಂಟೆ ಅತ್ತಳು. ಕೊನೆಗೆ ಆ ಪುಣ್ಯಾತ್ಗಿತ್ತಿಯೇ ಅವಳ ತೋಳಿಗೆ ಒಂದು ಚೂರು ಹತ್ತಿ ಇಟ್ಟು ಟೇಪು ಅಂಟಿಸಿದರು. ಆ ಹತ್ತಿ ನಾಲ್ಕು ದಿನ ನೀರು ಕಾಣಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಏಳಕ್ಕೆ ಅವನು ನಮ್ಮ ಬಾಗಿಲು ತಟ್ಟಿದ. ಅತ್ತೆ ಯಾವುದೋ ಮದುವೆಗೆಂದು ಎರಡು ದಿನ ಊರಿಗೆ ಹೋಗಿದ್ದರು. ಕಣ್ಣು ಕೆಂಪಗಿತ್ತು, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಹೆಗಲಲ್ಲಿದ್ದ ಆನೆಯ ಚೀಲವನ್ನು ತೆಗೆದು ನನ್ನ ಕೈಗೆ ಕೊಟ್ಟು, ‘ಒಂದೇ ಒಂದು ಗಂಟೆ, ಅಂಕಲ್’ ಅಂದ. ಕಾಲು ನೋವು, ಬಿಪಿ, ಪೇಪರ್ ಓದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಒಳಗಿನಿಂದ ನನ್ನ ಹೆಂಡತಿ, ‘ಮಾರ್ಚ್ 28’ ಅಂದಳು.

ಲಾಲ್‌ಬಾಗಿನಲ್ಲಿ ಎಂಟೂವರೆಯ ಹೊತ್ತಿಗೆ ಒಂದು ಚಪ್ಪಲಿ ಕಳೆದಿತ್ತು. ಬಂಡೆ ಯಾಕೆ ಗಟ್ಟಿ, ಅದರ ಅಮ್ಮ ಎಲ್ಲಿ, ಅದು ಯಾಕೆ ಎದ್ದೇಳುವುದಿಲ್ಲ ಎಂಬ ಮೂರು ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ನನಗೆ ದಮ್ಮು ಬಂದಿತ್ತು. ಒಂಬತ್ತಕ್ಕೆ ಹೆಂಡತಿಯ ಫೋನು ಬಂತು. ‘ಕಾಫಿ ಕೊಡೋಣ ಅಂತ ಮೇಲೆ ಹೋಗಿದ್ದೆ. ಅವನು ಸೋಫಾ ಮೇಲೆ ಬಾಯಿ ಬಿಟ್ಕೊಂಡು ಮಲಗಿದಾನೆ. ಪಾಪು ಅವನ ಎದೆ ಮೇಲೆ ಮಲಗಿದೆ. ನೀವು ಈಗ್ಲೇ ಬರ್ಬೇಡಿ.’

ಚೀಲ ಹೆಗಲಿಗೆ ಹಾಕಿಕೊಂಡು, ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ನಿಧಾನ ಬಂಡೆ ಇಳಿದೆ. ಗೇಟಿನ ಹತ್ತಿರ ಬಲೂನಿನವನು ಒಂದಕ್ಕೆ ಇಪ್ಪತ್ತು ರೂಪಾಯಿ ಅಂದ. ‘ಎರಡು’ ಅಂದಳು ದೊಡ್ಡವಳು. ಪಾಪುವಿಗೂ ಒಂದು ಬೇಕೆಂದಳಲ್ಲ ಎಂದು ನನ್ನ ಕರುಳು ಕರಗಿತು. ನಲವತ್ತು ರೂಪಾಯಿ ಕೊಟ್ಟೆ. ಅವಳು ಬಲಗೈಗೆ ಒಂದು, ಎಡಗೈಗೆ ಒಂದು ಕಟ್ಟಿಸಿಕೊಂಡಳು.