ಪದ್ಮಿನೀ ಪ್ರಬೋಧ ಮೀಮಾಂಸೆ

ಪೀಠಿಕೆ

ಬೆಳಗ್ಗೆ ಎಬ್ಬಿಸಿದರೆ ಏಳದಿರುವುದು, ಎದ್ದ ಮೇಲೆ ಅಳತೆ ಮೀರಿ ಕುಡಿಯುವುದು: ಈ ಎರಡು ದುರ್ಗುಣಗಳು ಮನುಷ್ಯರಲ್ಲಿ ಕಂಡರೆ ಬುದ್ಧಿ ಹೇಳಲು ಊರ ತುಂಬ ಹಿರಿಯರಿದ್ದಾರೆ. ಕಾರಿನಲ್ಲಿ ಕಂಡರೆ ಗ್ಯಾರೇಜು ಉಂಟು, ಶಾಸ್ತ್ರವಿಲ್ಲ. ಲೋಕದ ಈ ಕೊರತೆಯನ್ನು ಸಹಿಸಲಾರದೆ ಪ್ರಸ್ತುತ ಗ್ರಂಥವನ್ನು ಆರಂಭಿಸಲಾಗಿದೆ.

ಗ್ರಂಥದ ವಿಷಯ ಪ್ರೀಮಿಯರ್ ಪದ್ಮಿನಿ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಿಂದ ಮುಂಬಯಿಯ ಕುರ್ಲಾದಲ್ಲಿ ಅವತರಿಸಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿಯೆಂದು ನಾಮಾಂತರ ಹೊಂದಿ, 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವ ತನಕ ಅಂಬಾಸಿಡರ್ ಜೊತೆ ದೇಶದ ರಸ್ತೆಗಳನ್ನು ಹಂಚಿಕೊಂಡದ್ದು. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರಿನಲ್ಲಿ ನಿವೃತ್ತಿಯಾದವು. ಉಳಿದವು ಸಿನಿಮಾ ಶೂಟಿಂಗಿನಲ್ಲಿ, ಮದುವೆ ಮೆರವಣಿಗೆಯಲ್ಲಿ, ಪಿಂಚಣಿದಾರರ ಶೆಡ್ಡಿನಲ್ಲಿ ಕಾಣಸಿಗುತ್ತವೆ. ಗ್ರಂಥಕ್ಕೆ ಅಧಿಕಾರಿ ಯಾರೆಂದರೆ, ಮನೆಯವರ ಮಾತು ಮೀರಿ ಅದನ್ನು ಇಟ್ಟುಕೊಂಡವನು. ಅವನಿಗೂ ಕಾರಿಗೂ ಇರುವ ಸಂಬಂಧವು ಮಾರಲು ಮನಸ್ಸಿಲ್ಲದ್ದು, ಕೊಳ್ಳಲು ಗಿರಾಕಿಯಿಲ್ಲದ್ದು.

ಮತಭೇದ ಪ್ರಕರಣ

ಕಾರು ಏಕೆ ಏಳದು ಎಂಬಲ್ಲಿ ಮೂರು ಮತಗಳಿವೆ. ಮೊದಲನೆಯವರು ತೈಲವಾದಿಗಳು, ಕೈಯಲ್ಲಿ ಸ್ಪ್ಯಾನರ್. "ಪೆಟ್ರೋಲ್ ಬರ್ತಿದೆ ಸಾರ್, ಕರೆಂಟೇ ಇಲ್ಲ, ಎಲೆಕ್ಟ್ರಿಷಿಯನ್‌ಗೆ ತೋರಿಸಿ" ಎಂಬುದು ಇವರ ವಾದ. ಎರಡನೆಯವರು ವಿದ್ಯುದ್ವಾದಿಗಳು, ಕೈಯಲ್ಲಿ ಟೆಸ್ಟ್ ಲ್ಯಾಂಪ್. "ಕರೆಂಟ್ ಸೂಪರಾಗಿದೆ, ಕಾರ್ಬೋರೇಟರ್‌ನಲ್ಲಿ ಕಸ ಕೂತಿದೆ, ಮೆಕ್ಯಾನಿಕ್‌ಗೆ ತೋರಿಸಿ" ಎಂಬುದು ಇವರದು. ದೋಷವು ಸದಾ ಎದುರು ಪಕ್ಷದಲ್ಲೇ ಇರುತ್ತದೆ ಎಂಬ ವಿಷಯದಲ್ಲಿ ಎರಡೂ ಮತಗಳಿಗೆ ಒಮ್ಮತವಿದೆ. ಮೂರನೆಯವರು ನವೀನರು: ಕಾರಣ ಹುಡುಕುವುದು ಕಾಲಹರಣ, ಎಲ್ಲವನ್ನೂ ಹೊಸದು ಹಾಕುವುದೇ ಮೋಕ್ಷ ಎನ್ನುವವರು. ಬೆಂಗಳೂರಿನ ಜೆ.ಸಿ. ರಸ್ತೆ ಇವರ ಪುಣ್ಯಕ್ಷೇತ್ರ. ಬ್ಯಾಟರಿ, ಕಾಯಿಲ್, ಪ್ಲಗ್, ಪಂಪ್ ಎಂದು ಒಂದೊಂದೇ ಅರ್ಪಿಸುತ್ತ ಹೋದ ಭಕ್ತನು ಕೊನೆಗೆ ಸೀಟ್ ಕವರನ್ನೂ ಬದಲಿಸುತ್ತಾನೆ. ಕಾರು ಆಗಲೂ ಏಳದು.

ಇನ್ನು ಪ್ರಮಾಣಗಳಿಂದ, ಅಂದರೆ ತಿಳಿಯುವ ಸಾಧನಗಳಿಂದ, ಪರೀಕ್ಷೆ.

ಪ್ರತ್ಯಕ್ಷ

ಬ್ಯಾನೆಟ್ ಎತ್ತಿ ಕಣ್ಣಿನಿಂದ ನೋಡುವುದೇ ಪ್ರತ್ಯಕ್ಷ. ಮೊದಲು ಬ್ಯಾಟರಿ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಉಪವಾಸದಲ್ಲಿದೆ ಎಂದರ್ಥ. ಸೆಲ್ಫ್ ಹೊಡೆದಾಗ ಬರೀ "ಟಿಕ್" ಎಂದು ಸುಮ್ಮನಾದರೆ ಹೊಸ ಬ್ಯಾಟರಿಗೆ ಓಡುವ ಮುನ್ನ ಟರ್ಮಿನಲ್ ನೋಡತಕ್ಕದ್ದು. ಅಲ್ಲಿ ಬೆಳೆದ ಬಿಳಿ ಹಸಿರು ಉಪ್ಪಿಗೆ ಬಿಸಿನೀರು ಹೊಯ್ದು, ಉಜ್ಜಿ, ಬಿಗಿ ಮಾಡಿದರೆ ಎಷ್ಟೋ ಸತ್ತ ಕಾರುಗಳು ಎದ್ದು ಕೂರುತ್ತವೆ. ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ಬಿಟ್ಟುಹೋಗಿದ್ದರೂ ಇದೇ ಲಕ್ಷಣ.

ಸೆಲ್ಫ್ ಗಟ್ಟಿಯಾಗಿ ತಿರುಗಿಸಿಯೂ ಹೊತ್ತಿಕೊಳ್ಳದಿದ್ದರೆ ಪ್ಲಗ್ ಬಿಚ್ಚಬೇಕು. ಒಣಗಿದ್ದರೆ ಪೆಟ್ರೋಲ್ ಬಂದೇ ಇಲ್ಲ. ಒದ್ದೆಯಾಗಿ ಘಮಘಮಿಸಿದರೆ ಬಂದಿದೆ, ಕಿಡಿ ಬಂದಿಲ್ಲ. ಇಲ್ಲವೇ ಮಾಲೀಕನು ಗಾಬರಿಯಲ್ಲಿ ಚೋಕ್ ಎಳೆದು, ಆಕ್ಸಿಲರೇಟರ್ ತುಳಿದು ತುಳಿದು "ಓವರ್" ಮಾಡಿದ್ದಾನೆ. ಓಡುತ್ತಿದ್ದ ಕಾರಿನ ಪ್ಲಗ್ಗಿನ ಪಿಂಗಾಣಿ ತುದಿ ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣದಲ್ಲಿದ್ದರೆ ಕ್ಷೇಮ. ಒಣ ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬೆಳ್ಳಗೆ ಸುಟ್ಟಿದ್ದರೆ ಅದರ ತಿರುಗುಮುರುಗು. ಎಣ್ಣೆ ಜಿಡ್ಡಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಅಲ್ಲಿಗೆ ಶಾಸ್ತ್ರ ಮುಗಿದು ಖರ್ಚು ಶುರು.

ಅನುಮಾನ

ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆಯೆಂದು ಊಹಿಸಿದ ಪ್ರಾಚೀನ ನೈಯಾಯಿಕರು ಹೊಗೆಯ ಬಣ್ಣ ಯಾವುದೆಂದು ಕೇಳದೆ ಬಿಟ್ಟದ್ದು ನಮ್ಮ ಶಾಸ್ತ್ರದ ದೊಡ್ಡ ಲೋಪ. ಸೈಲೆನ್ಸರಿನಿಂದ ಕಪ್ಪು ಹೊಗೆ ಬಂದರೆ ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ನೀಲಿ ಬಂದರೆ ಉರಿಯುತ್ತಿರುವುದು ಎಂಜಿನ್ ಆಯಿಲ್. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಹೆಡ್ ಗ್ಯಾಸ್ಕೆಟ್ ದಾಟಿ ಒಳಗೆ ಹೋಗಿದೆ. ಪೆಟ್ರೋಲ್ ಸರಿಯಾಗಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಏರ್ ಫಿಲ್ಟರಿನಲ್ಲಿ ಊರಿನ ಧೂಳೆಲ್ಲ ಮನೆ ಮಾಡಿದ್ದರೆ ಆ ಗಾಳಿ ಎಲ್ಲಿಂದ ಬರಬೇಕು? ಸಮುದ್ರಮಟ್ಟದಲ್ಲಿ ಟ್ಯೂನ್ ಆದ ಕಾರ್ಬೋರೇಟರು 900 ಮೀಟರಿಗೂ ಮೇಲಿರುವ ಬೆಂಗಳೂರಿಗೆ ಬಂದರೆ, ತೆಳುಗಾಳಿಯಲ್ಲಿ ತಾನಾಗಿಯೇ ಸ್ವಲ್ಪ ಹೆಚ್ಚು ಕುಡಿಯುತ್ತದೆ.

ಉಪಮಾನ

ಹಸುವನ್ನು ಹೋಲುವ ಕಾಡುಪ್ರಾಣಿ ಗವಯ ಎಂದು ಕೇಳಿದವನು ಕಾಡಿನಲ್ಲಿ ಅದನ್ನು ಗುರುತಿಸಿದ ಹಾಗೆ, ಓಡುವ ಪದ್ಮಿನಿಯನ್ನು ಬಲ್ಲವನು ಓಡದ ಪದ್ಮಿನಿಯ ರೋಗವನ್ನು ಗುರುತಿಸುತ್ತಾನೆ. ನೆರೆಮನೆಯ ಪದ್ಮಿನಿಯ ಕಂಡೆನ್ಸರನ್ನೋ ಕಾಯಿಲನ್ನೋ ಕಾಲು ಗಂಟೆಗೆ ಎರವಲು ತಂದು ಹಾಕುವುದು. ನಮ್ಮದು ಎದ್ದರೆ ದೋಷ ಸಿಕ್ಕಿತು. ಏಳದಿದ್ದರೆ ಕಾಯಿಲಿನ ದುಡ್ಡು ಉಳಿಯಿತು. ವಾಪಸು ಕೊಡುವುದನ್ನು ಧರ್ಮಶಾಸ್ತ್ರಕ್ಕೆ ಬಿಡಲಾಗಿದೆ.

ಶಬ್ದ

ಆಪ್ತನ ಮಾತೇ ಶಬ್ದಪ್ರಮಾಣ. ಮೈಲೇಜಿನ ವಿಷಯದಲ್ಲಿ ಆಪ್ತನೇ ಇಲ್ಲ. "ಎಷ್ಟು ಕೊಡುತ್ತೆ?" ಎಂಬ ಪ್ರಶ್ನೆಗೆ ಮಾಲೀಕನು ಹೇಳುವ ಸಂಖ್ಯೆಯು ಎಂದೋ ಒಮ್ಮೆ ತುಮಕೂರು ರಸ್ತೆಯಲ್ಲಿ, ಇಳಿಜಾರಿನಲ್ಲಿ, ಒಬ್ಬನೇ ಹೋದಾಗ ದೊರೆತದ್ದು, ಆಮೇಲೆ ಅದು ವೇದವಾಕ್ಯ. ಪರಿಹಾರ ಒಂದೇ. ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದುಕೊಂಡು, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ ಭಾಗಿಸುವುದು. ಮೀಟರಿನ ಕೇಬಲ್ ತುಂಡಾಗಿದ್ದರೆ ಮೈಲೇಜು ಸೊನ್ನೆಯಾಗುತ್ತದೆ. ಅದನ್ನು ಮಾಯೆಯೆಂದು ತಿಳಿಯುವುದು.

ಅರ್ಥಾಪತ್ತಿ

ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆ. ಹಾಗೆಯೇ ಓಡದೆ ಕುಡಿಯುವ ಕಾರಿಗೆ ಗುಟ್ಟಾದ ಖರ್ಚೊಂದು ಇದ್ದೇ ಇರಬೇಕು. ಜಾಕ್ ಕೊಟ್ಟು ಚಕ್ರವನ್ನು ಕೈಯಿಂದ ತಿರುಗಿಸಿದರೆ ಬ್ರೇಕ್ ಹಿಡಿದುಕೊಂಡಿರುವುದು ತಿಳಿಯುತ್ತದೆ. ಟಯರಿನ ಗಾಳಿಯನ್ನೂ ನೋಡಬೇಕು. "ಹೀಟಾಗತ್ತೆ" ಎಂದು ಯಾವನೋ ಪುಣ್ಯಾತ್ಮ ಥರ್ಮೋಸ್ಟಾಟ್ ಕಿತ್ತುಹಾಕಿದ್ದರೆ ಎಂಜಿನ್ ಬೇಕಾದ ಬಿಸಿಗೆ ಏರುವುದು ತಡವಾಗುತ್ತದೆ. ಅಲ್ಲಿಯವರೆಗೆ ಚೋಕ್ ಎಳೆದೇ ಓಡಿಸುತ್ತಾರೆ, ಪೆಟ್ರೋಲ್ ಸುರಿದೇ ಹೋಗುತ್ತದೆ. ಇಷ್ಟೆಲ್ಲ ಸರಿಯಿದ್ದೂ ಲೆಕ್ಕ ಕೂಡದಿದ್ದರೆ ಇಂಧನವನ್ನೇ ಕೇಳಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಲೀಟರಿಗೆ ಲೀಟರ್ ನೋಡಿದರೆ ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಎಥನಾಲನ್ನು ಕಂಡರಿಯದ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದರಿಂದ ಉಬ್ಬಿ ಬಿರಿಯುವುದೂ ಉಂಟು. ಬ್ಯಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ದೇವದತ್ತನ ರಾತ್ರಿಯೂಟ ಅಲ್ಲೇ ನಡೆದಿದೆ.

ಅನುಪಲಬ್ಧಿ

ಇಲ್ಲದಿರುವುದನ್ನು ತಿಳಿಯುವುದೇ ಅನುಪಲಬ್ಧಿ. ಬಿಚ್ಚಿದ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸೆಲ್ಫ್ ಹೊಡೆಸಿದಾಗ ಚಟಪಟ ನೀಲಿ ಕಿಡಿ ಬರಬೇಕು. ಬರಲಿಲ್ಲವೆಂದರೆ "ಇಲ್ಲ" ಎಂಬ ಜ್ಞಾನ ಉಂಟಾಗುತ್ತದೆ. ಚೆಲ್ಲಿದ ಪೆಟ್ರೋಲ್ ಒರೆಸದೆ ಇದನ್ನು ಮಾಡಿದರೆ ಜ್ಞಾನಿಯೂ ಇಲ್ಲವಾಗುತ್ತಾನೆ. ಬೇಸಿಗೆಯಲ್ಲಿ ಘಾಟಿ ಹತ್ತಿ ಟೀಗೆ ನಿಲ್ಲಿಸಿದ ಕಾರು ಮತ್ತೆ ಏಳದಿರುವುದು ಇನ್ನೊಂದು ಬಗೆ. ಎಂಜಿನ್ನಿಗೆ ಅಂಟಿಕೊಂಡ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ, ದ್ರವ ಎಳೆಯಬೇಕಾದ ಪಂಪು ಆವಿಯನ್ನು ಎಳೆಯಲಾರದೆ ಕೈಚೆಲ್ಲುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಇನ್ನೊಂದು ಟೀ ಕುಡಿಯುವುದೇ ಇದಕ್ಕೆ ವಿಹಿತ.

ಸಿದ್ಧಾಂತ

ಏಳದಿರುವುದು, ಕುಡಿಯುವುದು ಎರಡು ರೋಗವೆಂಬುದು ದ್ವೈತ. ಬಹಳ ಸಲ ಒಂದೇ ಎಂಬುದು ನಮ್ಮ ಸಿದ್ಧಾಂತ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆ ಪಾಯಿಂಟ್ ಕಾಣುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಪ್ರತಿ ತೆರೆತಕ್ಕೆ ಕಾಯಿಲಿನಿಂದ ಸಾವಿರಾರು ವೋಲ್ಟಿನ ಕಿಡಿ. ಕ್ಯಾಮಿಗೆ ಉಜ್ಜುವ ಪಾಯಿಂಟಿನ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಕಿಡಿ ತಡವಾಗಿ ಬೀಳುತ್ತದೆ, ತುದಿ ಸುಟ್ಟು ಕಿಡಿ ಬಡವಾಗುತ್ತದೆ. ತಡವಾದ ಬಡ ಕಿಡಿಯಿಂದ ಬೆಳಗ್ಗೆ ಎಂಜಿನ್ ಏಳದು, ಹಗಲು ಪಿಕಪ್ ಬಾರದು. ಪಿಕಪ್ ಇಲ್ಲವೆಂದು ಮಾಲೀಕ ಇನ್ನಷ್ಟು ತುಳಿಯುತ್ತಾನೆ, ಮೈಲೇಜು ಬೀಳುತ್ತದೆ. ಎಮರಿ ಕಾಗದದಿಂದ ತುದಿ ಉಜ್ಜಿ, ಫೀಲರ್ ಗೇಜಿನಿಂದ ಅರ್ಧ ಮಿಲಿಮೀಟರಿಗೂ ತುಸು ಕಡಿಮೆ ಗ್ಯಾಪ್ ಇಟ್ಟರೆ ತೈಲವಾದಿ, ವಿದ್ಯುದ್ವಾದಿ ಇಬ್ಬರಿಗೂ ಕೆಲಸ ತಪ್ಪುತ್ತದೆ.

ವಿಧಿ ನಿಷೇಧ

ಖರ್ಚಿಲ್ಲದ್ದನ್ನು ಮೊದಲು ನೋಡತಕ್ಕದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ನಾಲ್ಕನ್ನು ಒಟ್ಟಿಗೆ ಬದಲಿಸಿದವನಿಗೆ ಕಾರು ಎದ್ದರೂ ಕಾರಣ ತಿಳಿಯದು. ಪ್ಲಗ್ ವೈರು ಬಿಚ್ಚುವ ಮುನ್ನ 1-3-4-2 ಎಂಬ ಮಂತ್ರವನ್ನು ಜಪಿಸತಕ್ಕದ್ದು. ಕ್ರಮ ತಪ್ಪಿದರೆ ಎಂಜಿನ್ ಢಂ ಎನ್ನುತ್ತದೆ, ಬೀದಿ ಹೊರಗೆ ಬರುತ್ತದೆ.

ಫಲಶ್ರುತಿ

ನಡುರಸ್ತೆಯಲ್ಲಿ ಬ್ಯಾನೆಟ್ ಎತ್ತಿ ಈ ಮೀಮಾಂಸೆಯನ್ನು ಪಠಿಸುವವನ ಸುತ್ತ ಪಂಡಿತರು ತಾವಾಗಿಯೇ ಸೇರುತ್ತಾರೆ, ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ವಾದಕ್ಕಿಳಿಯದೆ ಅವರನ್ನೆಲ್ಲ ಕಾರಿನ ಹಿಂದಕ್ಕೆ ಕಳಿಸಿ, ಕೀ ಆನ್ ಮಾಡಿ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಒತ್ತಿ ಕೂರತಕ್ಕದ್ದು. ವೇಗ ಬಂದಾಗ ಬಿಟ್ಟ ಕ್ಲಚ್ಚಿಗೆ ಎಂಜಿನ್ ಹೊತ್ತಿಕೊಂಡರೆ ದೋಷ ಬ್ಯಾಟರಿಯದ್ದು ಅಥವಾ ಸೆಲ್ಫಿನದು, ಮಿಕ್ಕದ್ದೆಲ್ಲ ಕ್ಷೇಮ. ಅಂಥವನು ಧನ್ಯವಾದ ಹೇಳಲೆಂದು ನಿಲ್ಲಿಸಬಾರದು, ಕಿಟಕಿಯಿಂದ ಕೈ ಬೀಸಿದರೆ ಸಾಕು. ಹೊತ್ತಿಕೊಳ್ಳದಿದ್ದರೆ ಪ್ರತ್ಯಕ್ಷದಿಂದ ಮತ್ತೆ ಓದತಕ್ಕದ್ದು. ತಳ್ಳಿದವರಿಗೆ ಟೀ ಕೊಡಿಸುವುದು ಎರಡೂ ಪಕ್ಷಕ್ಕೆ ಕಡ್ಡಾಯ; ಮೊದಲ ಪಕ್ಷದವನು ವಾಪಸು ಬರುವಾಗ ಕೊಡಿಸಬಹುದು.