ಗುರ್ಕಾರ್ ಮಾಮನ ತೇರ್ಸ್

ದಕ್ಷಿಣ ಕನ್ನಡದ ಯಾವ ಇಗರ್ಜಿಗೆ ಹೋದರೂ ಮೊದಲ ಬೆಂಚಿನ ತುದಿ ಒಬ್ಬರಿಗೆ ಮೀಸಲು. ಹೆಸರು ಬರೆದಿರುವುದಿಲ್ಲ, ಬರೆಯಬೇಕಾಗಿಯೂ ಇಲ್ಲ. ಪೂಜೆ ಶುರುವಾಗುವ ಮುಂಚೆ ಹಿಂದೆ ತಿರುಗಿ ಯಾರು ಬಂದರು, ಯಾರ ಸೊಸೆ ತಲೆಗೆ ಸೆರಗು ಹೊದೆದಿಲ್ಲ ಎಂದು ನೋಡಿಕೊಳ್ಳುತ್ತಾರೆ. ಗಾಯನ ಮಂಡಳಿಗಿಂತ ಅರ್ಧ ಸಾಲು ಮುಂದೆ ಹಾಡುತ್ತಾರೆ. ತಪಸ್ಸು ಕಾಲದ 40 ದಿನವೂ ಮಾಂಸ ಮುಟ್ಟುವುದಿಲ್ಲ. ಅಂಜಲ್ ಮೀನು, ಸಿಗಡಿ ತರಕಾರಿಯ ಜಾತಿಗೆ ಸೇರಿದವು ಎಂಬುದು ಅವರ ದೃಢ ವಿಶ್ವಾಸ.

ನಮ್ಮ ವಾಳೆಯ, ಅಂದರೆ ಇಗರ್ಜಿಗೆ ಸೇರಿದ ಅಕ್ಕಪಕ್ಕದ ಮನೆಗಳ, ಮುಖಂಡ ಗುರ್ಕಾರ್ ಮಾಮ ಈ ಪೈಕಿಯವರು. ಇದನ್ನೆಲ್ಲ ಸಹಿಸಬಹುದು. ಅವರು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳಿಸುವುದನ್ನು ಸಹಿಸುವುದು ಕಷ್ಟ.

ಜಪಸರದಲ್ಲಿ ಹತ್ತು ಹತ್ತರ ಐದು ಸುತ್ತು, ಮೊದಲಿನ ಮೂರು ಸೇರಿ ಮರಿಯಮ್ಮನ ಜಪ 53. ಅರ್ಧ ಹೇಳಿಸುವವರದು, ಉಳಿದರ್ಧ ಕೂಡಿದವರದು. ನಾವು ನಮ್ಮರ್ಧದ ನಡುವಿಗೆ ಬರುವಷ್ಟರಲ್ಲಿ ಮಾಮ ಮುಂದಿನ ಮಣಿ ಹಿಡಿದಾಗಿರುತ್ತದೆ. ರಸ್ತೆಯಲ್ಲಿ ಹೋಗುವವರಿಗೆ ಜಾಗದ ತಕರಾರು ಕೇಳಿದಂತಾಗಬೇಕು. ಹೀಗೆ ಉಳಿಸಿದ ಹೊತ್ತನ್ನೆಲ್ಲ ಕೊನೆಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ: ಸತ್ತವರ ಆತ್ಮಗಳಿಗೊಂದು, ಗಲ್ಫಿನಲ್ಲಿ ಇರುವವರಿಗೊಂದು, ಮಳೆಗೊಂದು, ಅಡಿಕೆಯ ಕೊಳೆರೋಗಕ್ಕೊಂದು. ನಡುವೆ ಕಣ್ಣು ಮುಚ್ಚಿಕೊಂಡೇ ಬೆಕ್ಕನ್ನೂ ಓಡಿಸುತ್ತಾರೆ.

ಗುರುವಾರವಂತೂ ಯುದ್ಧ. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್, ತೇರ್ಸಿನಲ್ಲಿ ಸುತ್ತಿಗೊಂದರಂತೆ ಧ್ಯಾನಿಸುವ ಹಳೆಯ 15 ರಹಸ್ಯಗಳಿಗೆ ಬೆಳಕಿನ ಐದು ರಹಸ್ಯ ಸೇರಿಸಿ ಅವಕ್ಕೆ ಗುರುವಾರ ಕೊಟ್ಟರು. ಮಾಮನ ಕಚೇರಿಯಲ್ಲಿ ಅದು ಇನ್ನೂ ಮಂಜೂರಾಗಿಲ್ಲ. ಹಳೆಯ ಸಂತೋಷದ ರಹಸ್ಯಗಳೇ ನಡೆಯುತ್ತಿವೆ.

“ಹೊಸದರಲ್ಲಿ ಕಾನಾ ಊರಿನ ಮದುವೆ ಉಂಟು ಮಾಮ, ನೀರು ದ್ರಾಕ್ಷಾರಸ ಆದದ್ದು. ಮದುವೆಗೆ ಮುಂಚಿನ ರೋಸಿನ ಮನೆಯಲ್ಲಿ ಆ ರಹಸ್ಯವನ್ನು ನೀವು ಯಾವತ್ತೂ ತಪ್ಪಿಸಿದವರಲ್ಲ,” ಎಂದೆ.

“ಪೋಪರಿಗೆ ಪುರುಸೊತ್ತು ಉಂಟು, ನನಗಿಲ್ಲ,” ಎಂದರು.

ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ, ಹುಡುಗನಿದ್ದಾಗ, ಪೂಜೆಯಲ್ಲಿ ಒಪ್ಪಿಸುತ್ತಿದ್ದ ಲ್ಯಾಟಿನ್ ಉತ್ತರಗಳು ಅವರಿಗೆ ಇನ್ನೂ ಬಾಯಿಪಾಠ. ಅರ್ಥವೇನೆಂದು ಕೇಳಿದರೆ, “ದೇವರಿಗೆ ಗೊತ್ತುಂಟಲ್ಲ ಮಾರಾಯಾ!”

ಇದೆಲ್ಲ ಬರೀ ಬಾಯಿಯ ಭಕ್ತಿ ಎಂದು ನಾನು ತೀರ್ಪು ಕೊಡುವುದು ಕೊನೆಯ ಬೆಂಚಿನಲ್ಲಿ ಕೂತು. ಲೂಕನ ಸುವಾರ್ತೆಯಲ್ಲಿ ತನ್ನ ಭಕ್ತಿ ಕೊಚ್ಚಿಕೊಂಡ ಫರಿಸಾಯನನ್ನು ಬಿಟ್ಟು, ದೂರ ನಿಂತು ಎದೆ ಬಡಿದುಕೊಂಡ ಸುಂಕದವನನ್ನಲ್ಲವೇ ದೇವರು ಮೆಚ್ಚಿದ್ದು? ಇದು ಅವನ ಬೆಂಚು ಎಂಬ ಹೆಮ್ಮೆ ನನಗೆ. ಆದರೆ ಆ ಸುಂಕದವ ಕೊನೆಯ ಆಶೀರ್ವಾದಕ್ಕೆ ಮೊದಲೇ ಜಾರಿಕೊಂಡನೆಂದು ಲೂಕ ಬರೆದಿಲ್ಲ. ಯೆಹೂದ್ಯನಾದ್ದರಿಂದ, ಹಂದಿಮಾಂಸದ ಒಳ್ಳೆಯ ತುಂಡು ಖಾಲಿಯಾದೀತೆಂಬ ಚಿಂತೆ ಅವನಿಗೆ ಇರಲೂ ಸಾಧ್ಯವಿಲ್ಲ.

ಮೊನ್ನೆ ಸಂಜೆ ಹಬ್ಬದ ವಂತಿಗೆ ಕೊಡಲು ಮಾಮನ ಮನೆಗೆ ಹೋದೆ. ಮಾಮಿ ತೀರಿಕೊಂಡ ಮೇಲೆ ಅವರು ಒಬ್ಬರೇ, ಮಕ್ಕಳು ಮಸ್ಕತ್ತಿನಲ್ಲಿ. ಅಲ್ತಾರಿನ ಮುಂದೆ ಮೊಣಕಾಲೂರಿದ್ದರು. ತಮ್ಮರ್ಧ ಹೇಳಿ ಸುಮ್ಮನಾಗುತ್ತಿದ್ದರು. ಉಳಿದರ್ಧಕ್ಕೆ ಬೇಕಾದಷ್ಟು ಹೊತ್ತು ಪೂರ್ತಿ ಕಾದು, ಆಮೇಲೆ ಮುಂದಿನ ಮಣಿ. ನಮಗೆ ಯಾರಿಗೂ ಕೊಡದ ಪುರುಸೊತ್ತು.

ಚಪ್ಪಲಿ ಕಳಚಿ ಹಿಂದೆ ಮೊಣಕಾಲೂರಿ ಉಳಿದರ್ಧ ಹೇಳತೊಡಗಿದೆ. ಮಾಮ ತಿರುಗಿ ನೋಡಲಿಲ್ಲ. ನನ್ನದು ಮುಗಿಯುವ ಮೊದಲೇ ಮುಂದಿನದಕ್ಕೆ ಹಾರಿದರು. ಕೊಳೆರೋಗದ ಪ್ರಾರ್ಥನೆಯೂ ಆದ ಮೇಲೆ ಬೆಸಾಂವ್ ಬೇಡಿ ತಲೆ ಬಾಗಿದೆ. ನೆತ್ತಿಯ ಮೇಲೆ ಕೈಯಿಟ್ಟು ಕೇಳಿದರು:

“ಹೋದ ಭಾನುವಾರ ಹಂದಿ ಒಳ್ಳೆಯದು ಸಿಕ್ಕಿತಾ ಪುತಾ?”