ಮೇಕ್ ಅಂದರೆ ಆಗಿಬಿಡುತ್ತದೆಯೇ?

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಬೇಕೆಂದರೆ ಹೋಟೆಲಿಗೆ ಹೋದರಾಯಿತು. ಯಾರೂ ಅಕ್ಕಿ ನೆನೆಹಾಕುವುದರಿಂದ ಶುರು ಮಾಡುವುದಿಲ್ಲ. ಲಿನಕ್ಸ್ ಹುಚ್ಚು ಹತ್ತಿದ ಹುಡುಗರ ಕಥೆ ಬೇರೆ. 'ಆಪ್ಟ್ ಇನ್‌ಸ್ಟಾಲ್' ಎಂದರೆ ಸಿದ್ಧವಾಗಿ ಬರುವುದನ್ನೂ ಸೋರ್ಸ್‌ನಿಂದಲೇ ಕಟ್ಟಬೇಕು.

ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗ 'ಮೇಕ್' ಎಂದು ಒತ್ತಿ, ಮಂಡಕ್ಕಿ-ಮಿರ್ಚಿ ಮುಂದಿಟ್ಟುಕೊಂಡು ಕೂತ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ, ಸೋರ್ಸ್‌ನಿಂದ ಪ್ರೋಗ್ರಾಂ ಕಟ್ಟಿಕೊಡುವ ಮೇಕ್‌ನ ವಂಶಸ್ಥ ಅದು. ಹಳೆಯ ಮನೆತನ, ಸಿಟ್ಟು ಬೇಗ. ಮಿರ್ಚಿ ಆರುವ ಮೊದಲೇ ಪರದೆ ತುಂಬ ಎರರ್. ಕೊನೆಯ ಸಾಲಷ್ಟೇ ಓದಿ ಹರಿಹರದ ಗೆಳೆಯನಿಗೆ ಫೋನ್ ಹಚ್ಚಿದ.

"ಲೇ, ಎರರ್ 2 ಅಂತೈತೆ."

"ಅಂದ್ರೆ ಮೇಕ್ ಕೈಚೆಲ್ತು ಅಂತ ಅಷ್ಟೇ. ಮೇಲಕ್ಕೆ ಹೋಗಿ ಮೊದಲನೇ ಎರರ್ ಓದಲೇ."

"ಝಡ್‌ಲಿಬ್ ಡಾಟ್ ಎಚ್ ಇಲ್ವಂತೆ. ಝಡ್‌ಲಿಬ್ ಲೈಬ್ರರಿ ಐತಲ್ಲೋ!"

"ಇರೋದು ಓಡ್ಸಾಕೆ. ಕಟ್ಟಾಕೆ ಹೆಡರ್ ಫೈಲ್ ಬೇಕು. ಉಬುಂಟುನಾಗೆ ಅದು ಡೆವ್ ಅನ್ನೋ ಬಾಲ ಇರೋ ಬೇರೆ ಪ್ಯಾಕೇಜು."

ಹಾಕಿದ. ಬೇಗ ಮುಗಿಯಲೆಂದು 'ಮೇಕ್ -ಜೆ' ಕೊಟ್ಟ, ಮುಂದೆ ಸಂಖ್ಯೆ ಬರೆಯದೆ. ಸಂಖ್ಯೆ ಇಲ್ಲದಿದ್ದರೆ ಮೇಕ್‌ಗೆ ಮಿತಿಯೇ ಇಲ್ಲ. ಸಿಕ್ಕಷ್ಟು ಕೆಲಸ ಒಟ್ಟಿಗೇ ಎಬ್ಬಿಸುತ್ತದೆ. ರ‍್ಯಾಮ್ ತುಂಬಿತು, ಫ್ಯಾನ್ ಅರಚಿತು, ಕರ್ನಲ್ ಕಂಪೈಲರನ್ನೇ ಕೊಂದು ಸುಮ್ಮನಾಯಿತು. 'ಜೆ' ಪಕ್ಕ 2 ಹಾಕಿದ ಮೇಲೆ ಲಿಂಕರ್ ಸರದಿ. ಹರಿಹರದ ಗುಡಿಯಲ್ಲಿ ಹರಿಯೂ ಹರನೂ ಹೊಯ್ಸಳರ ಕಾಲದಿಂದ ಒಂದೇ ಮೈಯಲ್ಲಿ ನಿಂತಿದ್ದಾರೆ. ಇಲ್ಲಿ ಒಂದೇ ಲೈಬ್ರರಿಯ ಎರಡು ಆವೃತ್ತಿಗಳಿಗೆ ಒಂದು ಸಂಜೆ ಹೊಂದಿಕೊಳ್ಳಲಾಗಲಿಲ್ಲ. ಹಳೆಯದನ್ನು ಕಿತ್ತು, 'ಮೇಕ್ ಕ್ಲೀನ್' ಹೊಡೆದು, ಮತ್ತೆ ಕಟ್ಟಿದಾಗ ಆಯಿತು.

"ಅದು ಯಾಕೆ ಬೇಕಿತ್ತಲೇ ನಿಂಗೆ?" ಗೆಳೆಯ ಕೇಳಿದ.

"ಬೇಕಿರ್ಲಿಲ್ಲ. ಆಗುತ್ತೋ ಇಲ್ಲೋ ನೋಡಾಣ ಅಂತ."